ಬೆಂಗಳೂರಿನಲ್ಲಿ ಕ್ರಾಫ್ಟ್ ಬಿಯರ್: ಟಾಯ್ಟ್, ಆರ್ಬರ್, ವಿಂಡ್‌ಮಿಲ್ಸ್, ಗೈಸ್ಟ್, ಯಾರಿಗೆ ಯಾವುದು?

ಬೆಂಗಳೂರಿನಲ್ಲಿ ಒಳ್ಳೆ ಬಿಯರ್ ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಒಬ್ಬರು ಗಾರ್ಡನ್ ಚೆನ್ನಾಗಿದೆ ಅಂತಾರೆ, ಇನ್ನೊಬ್ಬರು ಹಾಡು ಚೆನ್ನಾಗಿ ಹಾಕ್ತಾರೆ ಅಂತಾರೆ, ಮತ್ತೊಬ್ಬರಿಗೆ ಪಾರ್ಕಿಂಗ್ ಮುಖ್ಯ. ಬಿಯರ್ ಹೇಗಿದೆ ಅಂತ ಹೇಳುವವರು ಕಡಿಮೆ. ನಾನು ಇಲ್ಲಿ ಮೊದಲು ಬಿಯರ್ ನೋಡುತ್ತೇನೆ, ಆಮೇಲೆ ಉಳಿದದ್ದು.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕ್ರಾಫ್ಟ್ ಬಿಯರ್ ಇದೇ ಮೊದಲ ಸಲ ಅನ್ನುವವರು ಇಂದಿರಾನಗರದ ಟಾಯ್ಟ್‌ಗೆ ಹೋಗಿ. ಕಹಿ ಇಷ್ಟ ಇರುವವರು ಮಗ್ರಾತ್ ರಸ್ತೆಯ ಆರ್ಬರ್‌ಗೆ ಹೋಗಿ. ಗಲಾಟೆ ಬೇಡ, ಕೂತು ಮಾತಾಡಬೇಕು, ಸಂಗೀತ ಕೇಳಬೇಕು ಅನ್ನುವವರಿಗೆ ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಸರಿ. ಬಿಯರ್ ಬಗ್ಗೆ ತಲೆ ಕೆಡಿಸಿಕೊಂಡವರಿಗೆ ಹಳೆ ಮದ್ರಾಸ್ ರಸ್ತೆಯ ಗೈಸ್ಟ್. ಆಫೀಸಿನಿಂದ ಹತ್ತಿಪ್ಪತ್ತು ಜನ ಒಟ್ಟಿಗೆ ಹೊರಟಿದ್ದರೆ ಹೆಣ್ಣೂರು, ಸರ್ಜಾಪುರ ರಸ್ತೆ, ಮಾರತ್‌ಹಳ್ಳಿ ಕಡೆಯ ದೊಡ್ಡ ಜಾಗಗಳು ಇವೆ. ಯಾಕೆ ಹೀಗೆ ಅನ್ನುವುದು ಮುಂದೆ.

ಮೊದಲು ಒಂದು ಗೊಂದಲ ಬಗೆಹರಿಸಬೇಕು. ಪಬ್‌ನಲ್ಲಿ ಪೈಪಿನಿಂದ ಬರುವುದೆಲ್ಲ ಕ್ರಾಫ್ಟ್ ಬಿಯರ್ ಅಲ್ಲ. 1980ರ ದಶಕದಲ್ಲಿ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರೋಡ್ ಸುತ್ತಮುತ್ತ ಪಬ್‌ಗಳು ಶುರುವಾದಾಗ ಅಲ್ಲಿ ಸಿಗುತ್ತಿದ್ದದ್ದು ಡ್ರಾಟ್ ಬಿಯರ್. ದೊಡ್ಡ ಕಾರ್ಖಾನೆಯಲ್ಲಿ ತಯಾರಾಗಿ ಕೆಗ್ ಅನ್ನುವ ಲೋಹದ ಪೀಪಾಯಿಯಲ್ಲಿ ಬರುವ ಬಿಯರ್ ಅದು. ರೆಸ್ಟ್ ಹೌಸ್ ರಸ್ತೆಯ ಪೆಕೋಸ್‌ನಂಥ ಹಳೆಯ ಪಬ್‌ಗಳಿಗೆ ಹೆಸರು ಬಂದದ್ದು ಆ ಬಿಯರ್ ಮತ್ತು ರಾಕ್ ಸಂಗೀತದಿಂದ. ಅದೂ ಒಂದು ಸುಖವೇ, ಅದನ್ನು ಕಡೆಗಣಿಸುವುದಿಲ್ಲ. ಆದರೆ ಈ ಬರಹ ಅದರ ಬಗ್ಗೆ ಅಲ್ಲ. ಸರ್ಕಾರ ಮೈಕ್ರೋಬ್ರೂವರಿಗಳಿಗೆ ದಾರಿ ಮಾಡಿಕೊಟ್ಟ ಮೇಲೆ, 2010ರ ಸುಮಾರಿನಿಂದ, ಪಬ್‌ನ ಒಳಗೇ ಟ್ಯಾಂಕ್ ಇಟ್ಟು ಬಿಯರ್ ಮಾಡುವುದು ಇಲ್ಲಿ ಶುರುವಾಯಿತು. ಹೀಗೆ ಸಣ್ಣ ಪ್ರಮಾಣದಲ್ಲಿ ಮಾಡುವ ಬಿಯರೇ ಕ್ರಾಫ್ಟ್ ಬಿಯರ್. ಅದನ್ನು ಸಾಮಾನ್ಯವಾಗಿ ಪಾಶ್ಚರೀಕರಿಸುವುದಿಲ್ಲ, ಅಂದರೆ ಬಹಳ ದಿನ ಕೆಡದಿರಲಿ ಅಂತ ಬಿಸಿ ಮಾಡುವುದಿಲ್ಲ. ತಿಂಗಳುಗಟ್ಟಲೆ ಗೋದಾಮಿನಲ್ಲಿ ಇಡುವುದೂ ಇಲ್ಲ. ಟ್ಯಾಂಕಿನಿಂದ ನೇರ ಗ್ಲಾಸಿಗೆ ಬರುತ್ತದೆ. ತಾಜಾತನವೇ ಅದರ ಬಂಡವಾಳ.

ಹಾಗಾಗಿ ಪಬ್ ಆರಿಸುವಾಗ ನಾನು ನೋಡುವ ಮೊದಲ ವಿಷಯ ಜನಸಂದಣಿ. ಕೇಳೋಕೆ ವಿಚಿತ್ರ ಅನ್ನಿಸಬಹುದು. ಆದರೆ ಜನ ಜಾಸ್ತಿ ಇದ್ದಲ್ಲಿ ಟ್ಯಾಂಕ್ ಬೇಗ ಖಾಲಿಯಾಗುತ್ತದೆ, ಹೊಸ ಬಿಯರ್ ಬೇಗ ಬರುತ್ತದೆ. ಹನ್ನೆರಡು ಬಗೆ ಬಿಯರ್ ಇದೆ ಅಂತ ಬೋರ್ಡ್ ಹಾಕಿಕೊಂಡು, ಸೋಮವಾರದಿಂದ ಗುರುವಾರದವರೆಗೆ ಖಾಲಿ ಹೊಡೆಯುವ ಪಬ್ ಕಂಡರೆ ಯೋಚಿಸಿ. ಆ ಹನ್ನೆರಡರಲ್ಲಿ ಕೆಲವು ತುಂಬಾ ದಿನದಿಂದ ಕೂತಿರುತ್ತವೆ. ಐದಾರು ಬಗೆ ಮಾತ್ರ ಇಟ್ಟು ಅವನ್ನೇ ಚೆನ್ನಾಗಿ ಮಾಡುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಎರಡನೆಯದು, ಮೊದಲ ಗ್ಲಾಸಿಗೆ ಸಾದಾ ಬಿಯರ್ ಹೇಳಿ. ಮಾವಿನ ಹಣ್ಣು, ಕಾಫಿ, ಚಾಕೊಲೇಟ್ ಹಾಕಿದ ಬಿಯರ್‌ನಲ್ಲಿ ತಪ್ಪುಗಳು ಮುಚ್ಚಿಹೋಗುತ್ತವೆ. ಸಾದಾ ಲಾಗರ್, ಪಿಲ್ಸ್‌ನರ್ ಅಥವಾ ಬ್ಲಾಂಡ್ ಏಲ್‌ನಲ್ಲಿ ಮುಚ್ಚಿಡಲು ಏನೂ ಇರುವುದಿಲ್ಲ. ಅದರಲ್ಲೂ ಲಾಗರ್ ನಿಜವಾದ ಪರೀಕ್ಷೆ. ಬಿಯರ್‌ನಲ್ಲಿ ಏಲ್, ಲಾಗರ್ ಅಂತ ಎರಡು ದೊಡ್ಡ ಬಗೆ, ಎರಡಕ್ಕೂ ಯೀಸ್ಟ್ (ಹುದುಗಿಸುವ ಸೂಕ್ಷ್ಮಜೀವಿ) ಬೇರೆ ಬೇರೆ. ಏಲ್ ಯೀಸ್ಟ್ ಸುಮಾರು 18ರಿಂದ 22 ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ, ಎರಡು ಮೂರು ವಾರದಲ್ಲಿ ಬಿಯರ್ ಸಿದ್ಧ. ಲಾಗರ್‌ಗೆ ಇನ್ನೂ ತಂಪು ಬೇಕು. ಹುದುಗಿದ ಮೇಲೂ ಅದನ್ನು ವಾರಗಟ್ಟಲೆ ತಣ್ಣಗೆ ಇಡಬೇಕು. ಪಬ್‌ನಲ್ಲಿ ಇರುವುದೇ ನಾಲ್ಕಾರು ಟ್ಯಾಂಕ್. ಒಂದು ಟ್ಯಾಂಕನ್ನು ಒಂದೂವರೆ ತಿಂಗಳು ಲಾಗರ್‌ಗೆ ಬಿಟ್ಟುಕೊಟ್ಟರೆ, ಅಷ್ಟರಲ್ಲಿ ಎರಡು ಸಲ ಏಲ್ ಮಾಡಿ ಮಾರಬಹುದಿತ್ತು. ಅದಕ್ಕೇ ನಮ್ಮ ಪಬ್‌ಗಳಲ್ಲಿ ಏಲ್ ಮತ್ತು ಗೋಧಿ ಬಿಯರ್‌ಗಳದ್ದೇ ಕಾರುಬಾರು. ಯಾರಾದರೂ ಶುದ್ಧವಾದ, ಗರಿಗರಿಯಾದ ಲಾಗರ್ ಕೊಟ್ಟರೆ ಅವರು ಬಿಯರನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಅಂತ ಅರ್ಥ.

ಗ್ಲಾಸ್ ಬಂದಾಗ ಕುಡಿಯುವ ಮೊದಲು ಒಂದು ಕ್ಷಣ ನೋಡಿ. ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತಿದ್ದರೆ ಗ್ಲಾಸ್ ಸರಿಯಾಗಿ ತೊಳೆದಿಲ್ಲ, ಸೋಪಿನದೋ ಎಣ್ಣೆಯದೋ ಪದರ ಉಳಿದಿದೆ. ಚೊಕ್ಕ ಗ್ಲಾಸಿನಲ್ಲಿ ಗುಳ್ಳೆಗಳು ನೇರ ಮೇಲೇಳುತ್ತವೆ. ಪ್ರತಿ ಗುಟುಕಿಗೂ ನೊರೆಯ ಒಂದೊಂದು ಉಂಗುರ ಗ್ಲಾಸಿನ ಮೇಲೆ ಉಳಿಯುತ್ತದೆ. ಆಮೇಲೆ ಮೂಸಿ. ಬೆಣ್ಣೆ ವಾಸನೆ ಬಂದರೆ ಯೀಸ್ಟ್‌ಗೆ ಕೆಲಸ ಮುಗಿಸಲು ಸಮಯ ಕೊಟ್ಟಿಲ್ಲ, ಅಥವಾ ಪೈಪ್ ಕೊಳೆಯಾಗಿದೆ. ಬೇಯಿಸಿದ ಎಲೆಕೋಸಿನ ವಾಸನೆ ಬಂದರೆ ಕುದಿಸುವ ಹಂತದಲ್ಲಿ ಎಡವಿದ್ದಾರೆ. ಹುಳಿ ಇರಬಾರದ ಬಿಯರ್ ವಿನೆಗರ್‌ನಂತೆ ಹುಳಿಯಾಗಿದ್ದರೆ ವಾಪಸ್ ಕೊಡಿ. ಸಂಕೋಚ ಬೇಡ. ಒಳ್ಳೆಯ ಪಬ್‌ನವರು ಬದಲಿಸಿ ಕೊಡುತ್ತಾರೆ. ವಾದಕ್ಕೆ ನಿಲ್ಲುವ ಪಬ್‌ಗೆ ಮತ್ತೆ ಹೋಗುವ ಅಗತ್ಯ ಇಲ್ಲ.

ಈಗ ಒಂದೊಂದಾಗಿ ನೋಡೋಣ.

ಟಾಯ್ಟ್ ಶುರುವಾದದ್ದು 2010ರಲ್ಲಿ, ಇಂದಿರಾನಗರದ 100 ಅಡಿ ರಸ್ತೆಯಲ್ಲಿ. ಅಲ್ಲಿಂದ ಮುಂಬೈ, ಪುಣೆಗೂ ಹೋಗಿದ್ದಾರೆ. ಹೊಸಬರನ್ನು ನಾನು ಇಲ್ಲಿಗೇ ಕಳಿಸುವುದಕ್ಕೆ ಕಾರಣ ಇದೆ. ಇಲ್ಲಿನ ಪಟ್ಟಿ ಒಂದು ಒಳ್ಳೆಯ ಪಾಠದ ಹಾಗಿದೆ. ಸ್ಯಾಂಪ್ಲರ್ ಹೇಳಿದರೆ ಸಣ್ಣ ಸಣ್ಣ ಗ್ಲಾಸುಗಳಲ್ಲಿ ಎಲ್ಲದರ ರುಚಿ ಒಟ್ಟಿಗೆ ನೋಡಬಹುದು. ಬಾಸ್ಮತಿ ಬ್ಲಾಂಡ್‌ನಿಂದ ಶುರು ಮಾಡಿ. ಹೆಸರೇ ಹೇಳುವಂತೆ ಬಾಸ್ಮತಿ ಅಕ್ಕಿ ಹಾಕಿದ ಹಗುರ ಬಿಯರ್ ಅದು. ಬಾರ್ಲಿಯ ಜೊತೆ ಅಕ್ಕಿ ಸೇರಿದರೆ ಬಿಯರ್ ತೆಳುವಾಗುತ್ತದೆ, ನಾಲಿಗೆಯ ಮೇಲೆ ಭಾರ ಅನ್ನಿಸುವುದಿಲ್ಲ. ಬಾಟಲಿ ಬಿಯರ್ ಕುಡಿದು ಅಭ್ಯಾಸ ಇರುವವರಿಗೆ ಇದು ಸಲೀಸಾದ ಮೊದಲ ಮೆಟ್ಟಿಲು.

ಆಮೇಲೆ ಟಿನ್‌ಟಿನ್ ಟಾಯ್ಟ್ ಮತ್ತು ಟಾಯ್ಟ್ ವೈಸ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕುಡಿಯಿರಿ. ಎರಡೂ ಗೋಧಿ ಬಿಯರ್. ಎರಡೂ ಮಸುಕು ಮಸುಕು. ನೋಡೋಕೆ ಅಣ್ಣತಮ್ಮಂದಿರಂತೆ ಕಾಣುತ್ತವೆ, ರುಚಿಯಲ್ಲಿ ಬೇರೆ ಬೇರೆ ಮನೆಯವು. ಟಿನ್‌ಟಿನ್ ಬೆಲ್ಜಿಯಂ ರೀತಿಯದು. ಈ ರೀತಿಯ ಬಿಯರ್‌ಗೆ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಹಾಕುತ್ತಾರೆ. ನಮ್ಮ ಅಡುಗೆಮನೆಯ ಧನಿಯಾವೇ, ಆದರೆ ಹುರಿಯದೆ ಹಾಕುವುದರಿಂದ ನಿಂಬೆಯ ಕಡೆಗೆ ವಾಲುವ ಘಮ ಕೊಡುತ್ತದೆ. ವೈಸ್ ಜರ್ಮನಿಯ ಬವೇರಿಯಾ ರೀತಿಯದು. ಅದರಲ್ಲಿ ಮಾಗಿದ ಬಾಳೆಹಣ್ಣು ಮತ್ತು ಲವಂಗದ ಘಮ ಇರುತ್ತದೆ. ಇದಕ್ಕೆ ಬಾಳೆಹಣ್ಣನ್ನೂ ಹಾಕುವುದಿಲ್ಲ, ಲವಂಗವನ್ನೂ ಹಾಕುವುದಿಲ್ಲ. ಆ ಘಮ ಪೂರ್ತಿ ಯೀಸ್ಟ್‌ನ ಕೆಲಸ. ಇದನ್ನು ಮೊದಲ ಸಲ ತಿಳಿದವರ ಮುಖ ನೋಡುವುದು ನನಗೆ ಬಹಳ ಇಷ್ಟ. ಮತ್ತೆ ಮತ್ತೆ ಮೂಸಿ ನೋಡುತ್ತಾರೆ.

ಕೊನೆಗೆ ಡಾರ್ಕ್ ನೈಟ್ ಅನ್ನುವ ಕಪ್ಪು ಬಿಯರ್. ಕಪ್ಪು ಬಿಯರ್ ಅಂದರೆ ತುಂಬಾ ಸ್ಟ್ರಾಂಗ್ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಅದು ಸರಿಯಲ್ಲ. ಬಣ್ಣ ಬರುವುದು ಕಾಳನ್ನು ಎಷ್ಟು ಹುರಿದಿದ್ದಾರೆ ಅನ್ನುವುದರಿಂದ. ಆಲ್ಕೋಹಾಲ್‌ಗೂ ಬಣ್ಣಕ್ಕೂ ಸಂಬಂಧ ಇಲ್ಲ. ಫಿಲ್ಟರ್ ಕಾಫಿ ಕುಡಿದು ಬೆಳೆದ ನಮಗೆ ಸ್ಟೌಟ್ ಅನ್ನುವ ಕಪ್ಪು ಬಿಯರ್‌ನ ಆ ಹುರಿದ ಕಹಿ ಹೊಸದೇನಲ್ಲ. ಬಿಯರ್ ಇಷ್ಟ ಇಲ್ಲ ಅನ್ನುತ್ತಿದ್ದ ಎಷ್ಟೋ ಜನ ಸ್ಟೌಟ್‌ನಿಂದ ದಾರಿಗೆ ಬಂದದ್ದನ್ನು ಕಂಡಿದ್ದೇನೆ.

ಟಾಯ್ಟ್‌ನ ತೊಂದರೆ ಒಂದೇ, ಜನ. ಶುಕ್ರವಾರ ಸಂಜೆ, ವಾರಾಂತ್ಯ ಹೋದರೆ ಬಾಗಿಲಲ್ಲಿ ಕಾಯಬೇಕು, ಒಳಗೆ ಹೋದಮೇಲೆ ಕಿರುಚಿ ಮಾತಾಡಬೇಕು. ವಾರದ ಮಧ್ಯೆ ಸಂಜೆ ಆರರೊಳಗೆ ಹೋದರೆ ಅದೇ ಜಾಗ ಪೂರ್ತಿ ಬೇರೆ. ಮರದ ಮೇಜು, ತಾಮ್ರದ ಬಣ್ಣದ ಬೆಳಕು, ಪಕ್ಕದಲ್ಲೇ ಟ್ಯಾಂಕುಗಳು. ಪಿಟ್ಜಾ ಚೆನ್ನಾಗಿರುತ್ತದೆ.

ಆರ್ಬರ್ ಬ್ರೂಯಿಂಗ್ ಕಂಪನಿ ಮಗ್ರಾತ್ ರಸ್ತೆಯಲ್ಲಿ 2012ರಿಂದ ಇದೆ. ಇದರ ಬೇರು ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರಿನಲ್ಲಿದೆ. ಅಲ್ಲಿನ ಬ್ರೂವರಿಯ ಹೆಸರನ್ನೇ ಇಲ್ಲಿಗೆ ತಂದರು. ಹಾಗಾಗಿ ಇವರ ಕೈ ಅಮೆರಿಕದ ರೀತಿಯ ಬಿಯರ್‌ಗೆ ಚೆನ್ನಾಗಿ ಕೂತಿದೆ, ಅದರಲ್ಲೂ ಐಪಿಎಗೆ, ಅಂದರೆ ಇಂಡಿಯಾ ಪೇಲ್ ಏಲ್ ಅನ್ನುವ ಕಹಿ ಬಿಯರ್‌ಗೆ. ರೇಜಿಂಗ್ ಎಲಿಫೆಂಟ್ ಅನ್ನುವ ಐಪಿಎ ಇಲ್ಲಿನ ಹೆಸರುವಾಸಿ ಬಿಯರ್. ಬೆಂಗಳೂರಿನಲ್ಲಿ ಕಹಿ ಬಿಯರ್‌ಗೆ ಜನ ಇದ್ದಾರೆ ಅಂತ ತೋರಿಸಿಕೊಟ್ಟವರಲ್ಲಿ ಆರ್ಬರ್ ಮುಂದಿನ ಸಾಲಿನಲ್ಲಿದೆ.

ಐಪಿಎಯ ಕಹಿ ಹಾಪ್ಸ್ ಅನ್ನುವ ಬಳ್ಳಿಯ ಹೂವಿನದು. ಮೊದಲೇ ಹಾಕಿ ಜಾಸ್ತಿ ಹೊತ್ತು ಕುದಿಸಿದರೆ ಕಹಿ ಬರುತ್ತದೆ. ಕೊನೆಯಲ್ಲಿ ಹಾಕಿದರೆ ಘಮ ಬರುತ್ತದೆ. ಆ ಘಮದಲ್ಲಿ ಚಕ್ಕೋತ, ಮಾವು, ಪೈನ್ ಮರದ ಅಂಟು ಎಲ್ಲ ಸಿಗುತ್ತವೆ. ಆದರೆ ಅದು ಬೇಗ ಹಾರಿಹೋಗುವ ಘಮ. ಐಪಿಎ ಹಳೆಯದಾದಷ್ಟೂ ಘಮ ಹೋಗಿ ಒಣ ಕಹಿ ಮಾತ್ರ ಉಳಿಯುತ್ತದೆ. ಅದಕ್ಕೆ ಯಾವ ಪಬ್‌ನಲ್ಲೇ ಆಗಲಿ, ಐಪಿಎ ಹೇಳುವ ಮುಂಚೆ ಯಾವಾಗ ಮಾಡಿದ್ದು ಅಂತ ಕೇಳಿ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಜೊತೆಯಲ್ಲಿ ಕಹಿ ಒಗ್ಗದವರು ಇದ್ದರೆ ಅವರಿಗೆ ಇಲ್ಲೇ ಬ್ಯಾಂಗಲೋರ್ ಬ್ಲಿಸ್ ಅನ್ನುವ ಗೋಧಿ ಬಿಯರ್ ಇದೆ.

ಟಾಯ್ಟ್ ಮತ್ತು ಆರ್ಬರ್ ನಡುವೆ ಒಂದೇ ಆರಿಸಬೇಕಾದರೆ? ಬಗೆಬಗೆಯ ಬಿಯರ್ ನೋಡಬೇಕು ಅನ್ನುವವರಿಗೆ ಟಾಯ್ಟ್. ಒಂದೇ ಬಿಯರನ್ನು ಕೂತು ಕುಡಿಯುವವರಿಗೆ ಆರ್ಬರ್. ಎಂ.ಜಿ. ರಸ್ತೆ ಕಡೆ ಕೆಲಸ ಇದ್ದವರಿಗೂ ಆರ್ಬರ್ ಅನುಕೂಲ.

ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಬೇರೆಯೇ ಲೋಕ. ವೈಟ್‌ಫೀಲ್ಡ್‌ನ ಇಪಿಐಪಿ ಕೈಗಾರಿಕಾ ಪ್ರದೇಶದಲ್ಲಿ, ಟೆಕ್ ಪಾರ್ಕುಗಳ ನಡುವೆ, 2012ರಲ್ಲಿ ಶುರುವಾಯಿತು. ಗೋಡೆ ತುಂಬಾ ಪುಸ್ತಕಗಳು. ಒಳಗೇ ಜಾಝ್ ಕಛೇರಿಗೆ ಅಂತಲೇ ಕಟ್ಟಿದ ರಂಗಮಂದಿರ. ಇಲ್ಲಿ ಹಾಡುವವರು ಹಾಡುವಾಗ ಜನ ಕೇಳುತ್ತಾರೆ. ನಮ್ಮೂರಿನ ಪಬ್‌ಗಳಲ್ಲಿ ಇದು ಸಣ್ಣ ಮಾತಲ್ಲ. ಅಪ್ಪ ಅಮ್ಮನನ್ನೋ ಅತ್ತೆ ಮಾವನನ್ನೋ ಕರೆದುಕೊಂಡು ಹೋಗುವುದಾದರೆ, ಅವರು ಬಿಯರ್ ಕುಡಿಯಲಿ ಬಿಡಲಿ, ಯೋಚಿಸದೆ ಇಲ್ಲಿಗೆ ಹೋಗಬಹುದು. ಬಿಯರ್ ಅಬ್ಬರದ್ದಲ್ಲ, ಅಚ್ಚುಕಟ್ಟಾದದ್ದು. ಗೋಧಿ ಬಿಯರ್ ಮತ್ತು ಸ್ಟೌಟ್ ಎರಡೂ ನನಗೆ ಇಷ್ಟ. ಊಟ ಉಳಿದ ಮೂರಕ್ಕಿಂತ ಒಂದು ಕೈ ಮೇಲು. ಬಿಲ್ಲೂ ಹಾಗೇ, ಸ್ವಲ್ಪ ಜಾಸ್ತಿ. ಕಛೇರಿ ಇರುವ ದಿನ ಟಿಕೆಟ್ ಬೇಕಾಗಬಹುದು, ಫೋನ್ ಮಾಡಿ ವಿಚಾರಿಸಿ. ಮೊದಲು ಜಯನಗರದಿಂದಲೋ ಮಲ್ಲೇಶ್ವರದಿಂದಲೋ ವೈಟ್‌ಫೀಲ್ಡ್‌ಗೆ ಹೋಗುವುದೇ ಒಂದು ಶಿಕ್ಷೆಯಾಗಿತ್ತು. 2023ರ ಅಕ್ಟೋಬರ್‌ನಲ್ಲಿ ನೇರಳೆ ಮೆಟ್ರೊ ಮಾರ್ಗ ಪೂರ್ತಿಯಾದ ಮೇಲೆ ಆ ನೆಪ ಹೋಯಿತು.

ಗೈಸ್ಟ್ ಕಥೆ ಸ್ವಲ್ಪ ಹಿಂದಿನದು. ಬೆಂಗಳೂರಿನ ಕಂಪನಿಯಾದರೂ ಶುರುವಿನಲ್ಲಿ ಇವರ ಬಿಯರ್ ಬೆಲ್ಜಿಯಂನಲ್ಲಿ ತಯಾರಾಗಿ ಇಲ್ಲಿಗೆ ಬರುತ್ತಿತ್ತು. ಆಮೇಲೆ ಹಳೆ ಮದ್ರಾಸ್ ರಸ್ತೆಯಲ್ಲಿ ಸ್ವಂತ ಬ್ರೂವರಿ ಕಟ್ಟಿದರು. ಉಳಿದ ಪಬ್‌ಗಳಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲಿದೆ. ಬೇರೆಯವರು ಪಬ್ ಮಾಡಿ ಒಳಗೆ ಟ್ಯಾಂಕ್ ಇಟ್ಟರು. ಇವರು ಬಿಯರ್ ಮಾಡುವ ಜಾಗ ಕಟ್ಟಿ ಪಕ್ಕದಲ್ಲಿ ಗಾರ್ಡನ್, ಊಟದ ಜಾಗ ಮಾಡಿದರು. ಇಲ್ಲಿಂದ ಕೆಗ್‌ಗಳಲ್ಲಿ ಊರಿನ ಬೇರೆ ಬೇರೆ ಬಾರ್‌ಗಳಿಗೂ ಬಿಯರ್ ಹೋಗುತ್ತದೆ. ನಿಮ್ಮ ಬಡಾವಣೆಯ ಬಾರ್‌ನಲ್ಲೇ ಗೈಸ್ಟ್ ಟ್ಯಾಪ್ ಕಂಡಿರಬಹುದು. ಅಲ್ಲಿ ಕುಡಿದು ಇಷ್ಟವಾದವರು ಒಂದು ಸಲ ಮೂಲಕ್ಕೇ ಹೋಗಿ ಕುಡಿದು ನೋಡಿ. ಅದೇ ಬಿಯರ್, ಹುಟ್ಟಿದ ಜಾಗದಲ್ಲಿ ಇನ್ನೂ ಚುರುಕಾಗಿರುತ್ತದೆ. ವಿಟಿ ವಿಟ್, ವೈಸ್ ಗೈ, ಕಂದು ಬಣ್ಣದ ಅಂಕಲ್ ಡಂಕಲ್, ಕಾಮಚಿತ್ರ ಅನ್ನುವ ಐಪಿಎ ಇವರ ಗುರುತಿನ ಬಿಯರ್‌ಗಳು. ನನ್ನ ಆಯ್ಕೆ ಅಂಕಲ್ ಡಂಕಲ್. ಬ್ರೆಡ್ಡಿನ ಸುಟ್ಟ ಅಂಚಿನ ರುಚಿ, ಹಿತವಾದ ಸಿಹಿ, ಅತಿ ಅನ್ನಿಸುವುದಿಲ್ಲ. ದೂರ ಅನ್ನುವುದೊಂದೇ ಕೊರತೆ. ಭಾನುವಾರ ಮಧ್ಯಾಹ್ನದ ಊಟಕ್ಕೆ ಹೊರಡಿ, ಆಗ ರಸ್ತೆಯೂ ಖಾಲಿ ಇರುತ್ತದೆ.

ದೊಡ್ಡ ಜಾಗಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೆಣ್ಣೂರು ಮತ್ತು ಸರ್ಜಾಪುರ ರಸ್ತೆಯ ಬಿಗ್ ಬ್ರೂಸ್ಕಿ, ಮಾರತ್‌ಹಳ್ಳಿಯ ಐರನ್‌ಹಿಲ್ ಇಂಥವು ನೂರಾರು ಜನ ಒಟ್ಟಿಗೆ ಕೂರುವ ಜಾಗಗಳು. ನೀರು, ಗಿಡ, ದೀಪ, ಫೋಟೋಗೆ ಬೇಕಾದ್ದೆಲ್ಲ ಇದೆ. ಹುಟ್ಟುಹಬ್ಬ, ಟೀಮ್ ಪಾರ್ಟಿ, ಬೇರೆ ಊರಿನಿಂದ ಬಂದ ಕಸಿನ್‌ಗಳ ದಂಡು ಇದ್ದರೆ ಇವಕ್ಕಿಂತ ಒಳ್ಳೆ ಜಾಗ ಸಿಗುವುದು ಕಷ್ಟ. ಬಿಯರ್‌ಗಾಗಿಯೇ ಇಬ್ಬರು ಹೋಗುವುದಾದರೆ ನಾನು ಇಲ್ಲಿಗೆ ಹೋಗುವುದಿಲ್ಲ. ದಕ್ಷಿಣ ಬೆಂಗಳೂರಿನವರಿಗೆ ಜೆ.ಪಿ. ನಗರದಲ್ಲಿ ಉರು ಬ್ರೂಪಾರ್ಕ್, ಉತ್ತರದವರಿಗೆ ಸಂಜಯನಗರದಲ್ಲಿ ಡ್ರುಯಿಡ್ ಗಾರ್ಡನ್ ಇವೆ. ಮನೆ ಹತ್ತಿರದ ಸಾಧಾರಣ ಪಬ್‌ಗಿಂತ ಇವು ಮೇಲು. ಊರಿನ ಆ ಕಡೆಯಿಂದ ಈ ಕಡೆಗೆ ಬಂದು ಕುಡಿಯುವಷ್ಟು ಅಗತ್ಯ ಇಲ್ಲ.

ದುಡ್ಡಿನ ಮಾತು. ಬೆಲೆ ಹೋಲಿಸುವಾಗ ಗ್ಲಾಸಿನ ಅಳತೆ ನೋಡಿ. ಒಂದು ಕಡೆ 330 ಮಿಲಿ, ಇನ್ನೊಂದು ಕಡೆ 500 ಮಿಲಿ ಕೊಡುತ್ತಾರೆ. 330 ಮಿಲಿಗೆ 300 ರೂಪಾಯಿ ಅಂದರೆ ಅಗ್ಗ ಅನ್ನಿಸುತ್ತದೆ. 500 ಮಿಲಿಗೆ 400 ರೂಪಾಯಿ ಕೊಡುವುದೇ ಲಾಭ. ಪಿಚರ್ (ಹಲವು ಗ್ಲಾಸಿನಷ್ಟು ಹಿಡಿಯುವ ಜಗ್) ತೆಗೆದುಕೊಂಡರೆ ಸ್ವಲ್ಪ ಉಳಿಯುತ್ತದೆ. ಆದರೆ ಇಬ್ಬರೇ ಇದ್ದರೆ ಬೇಡ, ಅರ್ಧ ಮುಗಿಯುವಷ್ಟರಲ್ಲಿ ಉಳಿದದ್ದು ಬೆಚ್ಚಗಾಗಿ ಗ್ಯಾಸ್ ಹೋಗಿರುತ್ತದೆ. ಬಿಲ್ಲಿನಲ್ಲಿ ಇನ್ನೊಂದು ವಿಷಯ ಗಮನಿಸಿ. ಜಿಎಸ್‌ಟಿ ಊಟಕ್ಕೆ ಮಾತ್ರ, ಬಿಯರ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ರಾಜ್ಯದ ತೆರಿಗೆ ಬೇರೆ. ಸರ್ವಿಸ್ ಚಾರ್ಜ್ ಕೊಡಲೇಬೇಕು ಅಂತ ಇಲ್ಲ, ಬೇಡ ಅಂದರೆ ತೆಗೆಸಬಹುದು.

ನಂಚಿಕೊಳ್ಳುವುದಕ್ಕೆ ಏನು? ಇಲ್ಲಿ ಜನ ಎಡವುವುದು ಐಪಿಎ ಜೊತೆ ಖಾರ ತಿಂದು. ಹಾಪ್ಸ್ ಕಹಿ ಖಾರವನ್ನು ಇನ್ನೂ ಏರಿಸುತ್ತದೆ, ಬಾಯಿ ಉರಿದುಹೋಗುತ್ತದೆ. ಐಪಿಎಗೆ ಕರಿದ ಮೀನು, ಫ್ರೈಸ್, ಉಪ್ಪು ಕಡಲೆಕಾಯಿ ಸಾಕು. ಚಿಕನ್ ಘೀ ರೋಸ್ಟ್, ಕಬಾಬ್, ಆಂಧ್ರ ಚಿಲ್ಲಿ ಚಿಕನ್ ತಿನ್ನುವುದಾದರೆ ಗೋಧಿ ಬಿಯರ್ ಹೇಳಿ. ಅದರ ನಸುಸಿಹಿ, ಮೈತುಂಬಿದ ನೊರೆ ಖಾರವನ್ನು ಆರಿಸುತ್ತದೆ. ಸ್ಟೌಟ್‌ಗೆ ಮಟನ್ ಚೆನ್ನಾಗಿ ಹೊಂದುತ್ತದೆ. ಊಟವಾದ ಮೇಲೆ ಚಾಕೊಲೇಟ್ ಕೇಕ್ ಜೊತೆಗೂ ಸ್ಟೌಟ್ ಕುಡಿಯಬಹುದು, ಸುಮ್ನೆ ಒಮ್ಮೆ ಮಾಡಿ ನೋಡಿ.

ಕಿಕ್ ಲೆಕ್ಕದಲ್ಲಿ ಕುಡಿಯುವವರಿಗೆ ಒಂದು ಮಾತು. ಬಾಟಲಿಯ ಸ್ಟ್ರಾಂಗ್ ಬಿಯರ್‌ಗಳಲ್ಲಿ ಆಲ್ಕೋಹಾಲ್ ಶೇ. 8ರವರೆಗೆ ಇರುತ್ತದೆ. ಇಲ್ಲಿನ ಗೋಧಿ ಬಿಯರ್‌ಗಳು ಸಾಮಾನ್ಯವಾಗಿ ಶೇ. 5ರ ಆಸುಪಾಸು. ಐಪಿಎ ಅದಕ್ಕಿಂತ ಮೇಲೆ, ಶೇ. 6-7ರ ಹತ್ತಿರ. ಬೆಲ್ಜಿಯಂ ರೀತಿಯ ಡಬಲ್, ಟ್ರಿಪಲ್ ಅನ್ನುವ ಹೆಸರು ಕಂಡರೆ ನಿಧಾನಕ್ಕೆ ಕುಡಿಯಿರಿ. ರುಚಿ ಸಿಹಿ, ಪೆಟ್ಟು ಜೋರು. ಮೆನುವಿನಲ್ಲಿ ಪ್ರತಿ ಬಿಯರ್ ಪಕ್ಕ ಈ ಅಂಕಿ ಬರೆದಿರುತ್ತಾರೆ. ಬರೆದಿಲ್ಲದ ಪಬ್ ಬಗ್ಗೆ ನನಗೆ ಅನುಮಾನ.

ವಾಪಸ್ ಬರುವ ದಾರಿ ಹೋಗುವ ಮುಂಚೆಯೇ ಗೊತ್ತಿರಲಿ. ರಕ್ತದಲ್ಲಿ ಆಲ್ಕೋಹಾಲ್ 100 ಮಿಲಿಗೆ 30 ಮಿಲಿಗ್ರಾಂ ದಾಟಿದರೆ ಕಾನೂನಿನ ಲೆಕ್ಕದಲ್ಲಿ ಅದು ಕುಡಿದು ಗಾಡಿ ಓಡಿಸಿದ್ದು. ಎರಡು ಗ್ಲಾಸಿಗೇ ಅದು ದಾಟಬಹುದು. ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳು ಜೈಲು, ಎರಡೂ ಆಗಬಹುದು. ಅದಕ್ಕಿಂತ ದೊಡ್ಡದು ರಸ್ತೆಯಲ್ಲಿ ಇನ್ನೊಬ್ಬರ ಜೀವ. ಟಾಯ್ಟ್‌ಗೆ ಇಂದಿರಾನಗರ ಮೆಟ್ರೊ ನಿಲ್ದಾಣ ಇದೆ. ಆರ್ಬರ್‌ಗೆ ಎಂ.ಜಿ. ರಸ್ತೆ ನಿಲ್ದಾಣದಿಂದ ಒಂದು ಸಣ್ಣ ಆಟೋ. ವಿಂಡ್‌ಮಿಲ್ಸ್‌ಗೂ ನೇರಳೆ ಮಾರ್ಗವೇ. ಗೈಸ್ಟ್‌ಗೆ ಮಾತ್ರ ಕ್ಯಾಬ್ ಬೇಕು, ವಾಪಸ್ ಬರುವಾಗ ಕ್ಯಾಬ್ ಸಿಗಲು ತಡವಾಗಬಹುದು, ಕೊನೆಯ ಗ್ಲಾಸ್ ಹೇಳುವಾಗಲೇ ಬುಕ್ ಮಾಡಿ. ಪಬ್‌ಗಳು ರಾತ್ರಿ 1ರವರೆಗೆ ತೆರೆದಿರುತ್ತವೆ, ಆದರೆ ಮೆಟ್ರೊ 11ರ ಸುಮಾರಿಗೇ ನಿಲ್ಲುತ್ತದೆ. 21 ತುಂಬದವರಿಗೆ ಬಿಯರ್ ಕೊಡುವುದಿಲ್ಲ, ಬಾಗಿಲಲ್ಲೇ ಕೇಳುತ್ತಾರೆ, ಗುರುತಿನ ಚೀಟಿ ಜೇಬಿನಲ್ಲಿರಲಿ.